ಪಾಯದ ಗುಂಡಿಗೆ ಬಾಗಿನ

"ಬಗ್ಗಿ ನೋಡಮ್ಮ! ಕಣ್ಣಿಲ್ವಾ? ಏನಿದು?"

"ನೀರು ಸಾರ್."

"ನೀರಲ್ಲ, ಲಾರ್ವಾ! ಸೊಳ್ಳೆ ಮರಿ! ಥೂ, ನಿಮ್ಮಂಥ ಗಲೀಜು ಜನದಿಂದ್ಲೇ ಇಡೀ ಏರಿಯಾಗೆ ಡೆಂಗ್ಯೂ."

ಆರೋಗ್ಯ ನಿರೀಕ್ಷಕ ಪ್ರಸನ್ನ ಬಿಳಿಯ ತಟ್ಟೆಗೆ ಒಂದು ಸೌಟು ನೀರು ಹಾಕಿ, ಸುಡುವ ಮಧ್ಯಾಹ್ನದಲ್ಲೂ ಟಾರ್ಚು ಬಿಟ್ಟು ತೋರಿಸಿದ. ತಟ್ಟೆಯಲ್ಲಿ ಮೂರು ಹುಳುಗಳು ಕುಣಿಯುತ್ತಿದ್ದವು. ಸೊಣ್ಣಮ್ಮನಿಗೆ ಅವುಗಳ ಪರಿಚಯ ಬಹಳ ಹಳೆಯದು, ಇಂಗ್ಲಿಷ್ ಹೆಸರು ಮಾತ್ರ ಇವತ್ತು ಗೊತ್ತಾಯಿತು. ಅವಳು ತಲೆ ಎತ್ತುವಷ್ಟರಲ್ಲಿ ಅವನು ಬೂಟುಗಾಲಿನಿಂದ ಒದ್ದು ನೀಲಿ ಡ್ರಮ್ಮನ್ನು ಉರುಳಿಸಿದ.

ಟ್ಯಾಂಕರ್ ಬರುವುದು ಒಂಬತ್ತು ದಿನಕ್ಕೊಮ್ಮೆ. ಬಂದು ನಾಲ್ಕು ದಿನವಾಗಿತ್ತು. ಉಳಿದ ಐದು ದಿನದ ಅಡುಗೆ, ಸ್ನಾನ, ಕುಡಿಯುವುದು ಎಲ್ಲ ಅಂಗಳದಲ್ಲಿ ಹರಿದು, ಕಾದ ಮಣ್ಣಿನಲ್ಲಿ ಇಂಗಿಹೋಯಿತು. ಒಳಗೆ ತಗಡಿನ ಶೀಟಿನ ಕೆಳಗೆ ಮಗಳು ವೇಣಿ ನಾಲ್ಕು ದಿನದ ಜ್ವರದಲ್ಲಿ ಮಲಗಿದ್ದಳು. ಬೆಂಗಳೂರಿನ ಹವೆ ತಂಪು ಎಂದು ಹೊಗಳುವವರನ್ನು ಅವಳ ಪಕ್ಕ ಅರ್ಧ ಗಂಟೆ ಕೂರಿಸಬೇಕಿತ್ತು.

"ಅಯ್ಯೋ ನಿಮ್ಮನೆ ಕಾಯ್ವಾಗ! ಇದ್ರಾಗೆ ಮೂರವೆ ಸಾರ್. ಅಲ್ಲಿ ಲಕ್ಷಾಂತ್ರ ಅವೆ, ಬನ್ನಿ ತೋರುಸ್ತೀನಿ," ಎಂದು ಸೊಣ್ಣಮ್ಮ ಮನೆಸಾಲಿನ ಹಿಂದಕ್ಕೆ ಕೈ ಮಾಡಿದಳು.

ಹಿಂದೆ ಇದ್ದದ್ದು ಪಾಯದ ಗುಂಡಿ. ಶೀಟ್ ಮನೆಗಳ ಓನರ್ ವೆಂಕಟರಮಣಪ್ಪನವರು ಐದಂತಸ್ತಿನ ಪಿ.ಜಿ. ಕಟ್ಟಿಸುತ್ತೇನೆಂದು ತೋಡಿಸಿ, ನಾಲ್ಕು ಕಂಬ ಎಬ್ಬಿಸಿ ಬಿಟ್ಟಿದ್ದರು. ಮೇ ತಿಂಗಳಲ್ಲಿ ಒಂದೇ ಗಂಟೆ ಸುರಿದ ಮಳೆಗೆ ಅದರಲ್ಲಿ ಆಳುದ್ದ ನೀರು ನಿಂತಿತು. ಮೊದಲೆಲ್ಲ ಮಳೆ ತಿಂಗಳು ನೋಡಿಕೊಂಡು ಬರುತ್ತಿತ್ತು. ಈಗ ಮೂರು ತಿಂಗಳು ಬೇಯಿಸಿ, ಒಂದು ಗಂಟೆ ಮುಳುಗಿಸಿ, ಮತ್ತೆ ಬೇಯಿಸಲು ಶುರುಮಾಡುತ್ತದೆ. ಮನುಷ್ಯರಿಗೆ ಒಗ್ಗದ ಈ ಹವೆ ಸೊಳ್ಳೆಗಳಿಗೆ ಚೆನ್ನಾಗಿ ಒಗ್ಗಿತ್ತು.

"ಅದು ಪ್ರೈವೇಟ್ ಪ್ರಾಪರ್ಟಿ ಕಣಮ್ಮ. ಓನರ್ ಕರೀದೆ ನಾವು ಒಳಗೆ ಹೋಗೋ ಹಾಗಿಲ್ಲ," ಎಂದ ಪ್ರಸನ್ನ.

"ನನ್ ಮನೆಗೆ ಯಾರ್ ಕರುದ್ರು ಸಾರ್?"

ಅದಕ್ಕೆ ಉತ್ತರ ಬರೆಯಲು ಅವನ ಫಾರಮ್ಮಿನಲ್ಲಿ ಜಾಗವಿರಲಿಲ್ಲ. ಬಾಗಿಲಿಗೆ ನೋಟೀಸು ಅಂಟಿಸಿ, ಓನರ್ ಮನೆಯ ಎಳನೀರು ಕುಡಿಯಲು ಹೋದ.

ಮರುದಿನ ವೇಣಿಯ ಒಸಡಿನಲ್ಲಿ ರಕ್ತ ಬಂತು. ಸೊಣ್ಣಮ್ಮ ಅವಳನ್ನು ಆಟೋದಲ್ಲಿ ಅಪ್ಪಿಕೊಂಡು ಸರ್ಕಾರಿ ಆಸ್ಪತ್ರೆಗೆ ಓಡಿದಳು. ಮೂರು ರಾತ್ರಿ ಜೀವ ಕೈಯಲ್ಲಿ ಹಿಡಿದು ಮಗಳ ಪಕ್ಕ ಕೂತಳು. ನಾಲ್ಕನೆಯ ದಿನ ಡಾಕ್ಟರಮ್ಮ, "ಮಗಳು ಉಳ್ಕೊಂಡ್ಲು. ಭಾನುವಾರ ಮನೆಗೆ ಕಳಿಸ್ತೀವಿ. ಆದ್ರೆ ಇನ್ನೊಂದು ಸಲ ಡೆಂಗ್ಯೂ ಬಂದ್ರೆ ತುಂಬಾ ಅಪಾಯ. ಸೊಳ್ಳೆ ಕಚ್ಚಿಸ್ಕೋಬೇಡಿ," ಎಂದರು. ತಾವು ತೋಳು ಚಾಚಿ ಸೊಳ್ಳೆಗಳನ್ನು ಊಟಕ್ಕೆ ಕರೆಯುತ್ತೇವೆಂದು ಅವರಿಗೆ ಯಾರು ಹೇಳಿದರೋ ಸೊಣ್ಣಮ್ಮನಿಗೆ ತಿಳಿಯಲಿಲ್ಲ.

ಆಸ್ಪತ್ರೆಯಿಂದ ನೇರ ವೆಂಕಟರಮಣಪ್ಪನವರ ಮನೆಗೆ ಹೋದಳು. ಅವರು ವರಾಂಡದಲ್ಲಿ ಕೂಲರ್ ಮುಂದೆ ಕಾಲು ಚಾಚಿ ಕೂತಿದ್ದರು.

"ಲೇ ಸೊಣ್ಣಿ, ಗೇಟು ಮುಟ್ಬ್ಯಾಡ. ಅಲ್ಲೇ ನಿಂತ್ಕಂಡು ಮಾತಾಡು."

"ಯಜಮಾನ್ರೇ, ಒಂದಿನ ನಿಮ್ ಮೋಟ್ರು ಕೊಡಿ. ಗುಂಡಿ ನೀರು ನಾವೇ ಎತ್ತಾಕ್ತೀವಿ. ಭಾನ್ವಾರ ನನ್ ಮಗ್ಳು ಮನೆಗ್ ಬತ್ತಾಳೆ. ಇನ್ನೊಂದ್ ಸತಿ ಜ್ವರ ಬಂದ್ರೆ ಉಳ್ಯಾಕಿಲ್ವಂತೆ."

"ಅದ್ನ ಗುಂಡಿ ಅಂತೀಯಲ್ಲೇ! ಊರ್ ಬೋರ್‌ವೆಲ್ಲೆಲ್ಲ ಒಣ್ಗೋಗವೆ. ಅಂಥಾದ್ರಾಗೆ ಗಂಗಮ್ಮ ತಾನಾಗೇ ನನ್ ಜಾಗಕ್ಕೆ ಬಂದವ್ಳೆ. ಮನೆಗ್ ಬಂದ ಗಂಗಮ್ಮನ್ನ ಯಾವ್ ಬಡ್ಡಿಮಗ ಮೋಟ್ರು ಆಕಿ ಓಡುಸ್ತಾನೆ? ಮುಂದಿನ್ ತಿಂಗ್ಳು ಕೆಲ್ಸ ಶುರುವಾದ್ರೆ ಸಿಮೆಂಟ್ ಕ್ಯೂರಿಂಗ್‌ಗೆ ಬೇಕು ನಂಗೆ ಆ ನೀರು. ಸೊಳ್ಳೆ ಕಚ್ಚುದ್ರೆ ಬತ್ತಿ ಅಚ್ಕಳಿ. ಇಲ್ಲ, ಮನೆ ಖಾಲಿ ಮಾಡ್ಕಂಡು ಓಗ್ತಾ ಇರಿ."

ಬಿಸಿಲಿಗೆ ಅವಳ ಗಂಟಲು ಒಣಗಿತ್ತು. ಕುಡಿಯಲು ನೀರು ಕೇಳಿದಳು. ಯಜಮಾನರು ಚೊಂಬು ಹಿಡಿದು ತಾವೇ ಎದ್ದು ಬಂದರು. ಅವಳು ಬೊಗಸೆ ಒಡ್ಡಿದಳು, ಅವರು ಗೇಟಿನ ಮೇಲಿನಿಂದ ಹುಯ್ದರು. ಜಿಗಣಿಯಲ್ಲಿ ಫ್ಯಾಕ್ಟರಿಗಳು ಬಂದವು, ಎಲೆಕ್ಟ್ರಾನಿಕ್ ಸಿಟಿಗೆ ಆಕಾಶದ ಮೇಲೆ ರಸ್ತೆ ಬಂತು, ಈ ಮನೆಯ ಚೊಂಬು ಮಾತ್ರ ಒಂದು ಗೇಣೂ ಕೆಳಗಿಳಿದಿರಲಿಲ್ಲ.

ವಾಪಸು ಬರುವ ದಾರಿ ಹಳೆಯ ಕೆರೆಯ ಮೇಲೆಯೇ ಹಾದುಹೋಗುತ್ತದೆ. ಈಗ ಅಲ್ಲಿ ಲೇಔಟು, ಹನ್ನೊಂದು ಕ್ರಾಸುಗಳು. ಹಿಂದೆ ಕೆರೆ ಕೋಡಿ ಬಿದ್ದ ವರ್ಷ ವೆಂಕಟರಮಣಪ್ಪನವರ ಮನೆತನದವರೇ ಮೊರದಲ್ಲಿ ಬಳೆ, ಅರಿಸಿನ, ಕುಂಕುಮ ಇಟ್ಟು ಬಾಗಿನ ಬಿಡಬೇಕು, ಮೊದಲ ತೀರ್ಥ ಅವರೇ ಕುಡಿಯಬೇಕು. ಸೊಣ್ಣಮ್ಮನ ಸೋದರಮಾವ ರಾಮಯ್ಯ ಏರಿಯ ಆಚೆ ತುದಿಯಲ್ಲಿ ನಿಂತು ತಮಟೆ ಬಡಿಯಬೇಕು. ಅವರ ಕೇರಿಯವರು ಕೆರೆಯ ಮೆಟ್ಟಿಲಿಗೆ ಕಾಲಿಡುವಂತಿರಲಿಲ್ಲ. ಸೊಣ್ಣಮ್ಮ ಮೂರನೆಯ ಕ್ರಾಸಿನಲ್ಲಿ ನಿಂತಳು. ಗಂಗಮ್ಮ ಬಂದಿದ್ದಾಳೆಂದು ಯಜಮಾನರೇ ಬಾಯಿಬಿಟ್ಟು ಹೇಳಿದ್ದಾರೆ. ಬಂದ ಗಂಗಮ್ಮನಿಗೆ ಮರ್ಯಾದೆ ಮಾಡದಿದ್ದರೆ ಹೇಗೆ?

"ಮಾವ, ತಮಟೆ ಕಾಯ್ಸು," ಎಂದಳು ಮನೆಗೆ ಬಂದವಳೇ.

ರಾಮಯ್ಯ ಕೆಮ್ಮುತ್ತ ಎದ್ದು ಕೂತ. "ಯಾರ್ ಸತ್ರೇ?"

"ಯಾರೂ ಸಾಯ್ಬಾರ್ದು ಅಂತ್ಲೇ."

ಶನಿವಾರ ಬೆಳಗ್ಗೆ ಮನೆಸಾಲಿನ ಮುಂದೆ ಡೆಂಗ್ಯೂ ಜಾಗೃತಿ ಕಾರ್ಯಕ್ರಮ. ಶಾಮಿಯಾನದ ನೆರಳಿನಲ್ಲಿ ಇಲಾಖೆಯವರು, ಬಿಸಿಲಿನಲ್ಲಿ ಜಾಗೃತರಾಗಬೇಕಾದವರು. ಅಧ್ಯಕ್ಷತೆ ವೆಂಕಟರಮಣಪ್ಪನವರದು, ರೇಷ್ಮೆ ಪಂಚೆ, ಹೆಗಲಿಗೆ ಆಗತಾನೆ ಹೊದಿಸಿದ ಶಾಲು. ಪ್ರಸನ್ನ ಮೈಕಿನಲ್ಲಿ, "ಸ್ವಚ್ಛತೆ ನಿಮ್ಮ ಕೈಯಲ್ಲೇ ಇದೆ," ಎನ್ನುವಾಗ ಹಿಂದಿನಿಂದ ತಮಟೆ ಕೇಳಿಸಿತು. ಮುಂದೆ ರಾಮಯ್ಯ, ಅವನ ಹಿಂದೆ ಮೊರ ಹಿಡಿದ ಇಪ್ಪತ್ತು ಹೆಂಗಸರು. ಮೊರದ ಮೇಲೆ ಮೊರ ಕವುಚಿ, ಅರಿಸಿನ ದಾರ ಸುತ್ತಿದ್ದರು. ಸೊಣ್ಣಮ್ಮ ಹಬ್ಬದ ಸೀರೆ ಉಟ್ಟು ವೇದಿಕೆಯ ಮುಂದೆ ನಿಂತಳು.

"ಏಳಿ ಯಜಮಾನ್ರೇ! ಗಂಗಮ್ಮ ಬಂದವ್ಳೆ ಅಂತ ನೀವೇ ಅಂದ್ರಲ್ಲ. ಬಾಗಿನ ಬುಡಾನ ಬನ್ನಿ. ನೀವಿಲ್ದೆ ಎಂಗಾದಾತು?"

ಜನ ಮೊಬೈಲು ಎತ್ತಿ ಹಿಡಿದರು. ಇಲಾಖೆಯ ದೊಡ್ಡ ಸಾಹೇಬರು, "ಲೋಕಲ್ ಕಸ್ಟಮ್ಮಾ? ತುಂಬಾ ಚೆನ್ನಾಗಿದೆ," ಎಂದು ಎದ್ದರು. ಸಾಹೇಬರು ಎದ್ದ ಮೇಲೆ ಅಧ್ಯಕ್ಷರು ಕೂತಿರಲಾದೀತೇ? ಎದ್ದರು, ನಕ್ಕರು, ಗುಂಡಿಯ ಅಂಚಿಗೆ ಬಂದರು. ಪ್ರಸನ್ನನೂ ತಟ್ಟೆ, ಟಾರ್ಚು ಹಿಡಿದು ಹಿಂದೆಯೇ ಬಂದ.

ಸೊಣ್ಣಮ್ಮ ಮೊದಲ ಮೊರದ ದಾರ ಬಿಚ್ಚಿದಳು. ಒಳಗೆ ಬಳೆಯ ಬದಲು ಖಾಲಿ ಗ್ಲೂಕೋಸ್ ಬಾಟಲಿ, ಉರಿದುಳಿದ ಸೊಳ್ಳೆಬತ್ತಿಯ ತುಂಡುಗಳು, ವೇಣಿಯ ರಕ್ತಪರೀಕ್ಷೆಯ ಚೀಟಿ, ಬಾಗಿಲಿಗೆ ಅಂಟಿಸಿದ್ದ ನೋಟೀಸು. ಯಜಮಾನರ ನಗು ಅರ್ಧಕ್ಕೆ ನಿಂತಿತು. ಅವಳು ಮೊರವನ್ನು ನೀರಿಗೆ ಬಿಟ್ಟು, ಮನೆಯಿಂದ ತಂದಿದ್ದ ಚೊಂಬು ಅದ್ದಿ ತುಂಬಿಕೊಂಡಳು.

"ಮೊದ್ಲ ತೀರ್ಥ ನಿಮ್ದೇ. ಮನೆತನದ ಮರ್ಯಾದೆ."

ತೀರ್ಥ ಎಂದು ಕೇಳಿದೊಡನೆ ಅರವತ್ತು ವರ್ಷದ ರೂಢಿಯಿಂದ ಯಜಮಾನರ ಬಲಗೈ ತಾನಾಗಿ ಮುಂದೆ ಬಂತು. ಕೊಡುತ್ತಿರುವವಳು ಯಾರೆಂದು ತಲೆಗೆ ಹೊಳೆಯುವ ಮೊದಲೇ ಸೊಣ್ಣಮ್ಮ ಚೊಂಬನ್ನು ಮೇಲೆತ್ತಿದ್ದಳು. ಆ ದಿನ ಗೇಟಿನ ಬಳಿ ಎಷ್ಟು ಎತ್ತರವಿತ್ತೋ ಅಷ್ಟೇ ಎತ್ತರದಿಂದ, ಒಂದು ಹನಿಯೂ ಆಚೀಚೆ ಬೀಳದಂತೆ ಹುಯ್ದಳು.

"ಸಾರ್, ಒಸಿ ಟಾರ್ಚ್ ಬುಡಿ ಇಲ್ಲಿ."

ಪ್ರಸನ್ನ ಕೆಲಸದ ಅಭ್ಯಾಸದಿಂದ ಬಿಟ್ಟೇಬಿಟ್ಟ. ಯಜಮಾನರ ಅಂಗೈಯಲ್ಲಿ ಎಂಟು ಹತ್ತು ಹುಳುಗಳು ಕುಣಿಯುತ್ತಿದ್ದವು. ಸಾಹೇಬರು ಬಗ್ಗಿ ನೋಡಿ ಕರವಸ್ತ್ರ ತೆಗೆದರು.

"ಕುಡೀರಿ ಯಜಮಾನ್ರೇ. ನನ್ ಮಗ್ಳು ನಾಳೆ ಬತ್ತಾಳೆ. ಇದು ಗಂಗಮ್ಮ ಆದ್ರೆ ಕುಡೀರಿ. ಗುಂಡಿ ನೀರಾದ್ರೆ ಈಗ್ಲೇ ಮೋಟ್ರು ಆಕ್ಸಿ."

ವೆಂಕಟರಮಣಪ್ಪನವರು ಕುಡಿಯಲಿಲ್ಲ. ಇಷ್ಟು ಮೊಬೈಲುಗಳ ಮುಂದೆ ಗಂಗಮ್ಮನನ್ನು ಕೊಡವಲೂ ಧೈರ್ಯ ಬರಲಿಲ್ಲ. ನೀರು ಬೆರಳ ಸಂದಿಯಿಂದ ರೇಷ್ಮೆ ಪಂಚೆಯ ಮೇಲೆ ಸೋರಿತು, ಹುಳುಗಳು ಅಂಗೈಯಲ್ಲೇ ಉಳಿದವು. ರಾಮಯ್ಯ ಕೆಮ್ಮುತ್ತಲೇ ತಮಟೆ ಬಡಿಯುತ್ತಿದ್ದ. ಹೆಂಗಸರು ಉಳಿದ ಮೊರಗಳ ದಾರ ಬಿಚ್ಚುತ್ತ ಇನ್ನೂ ಹತ್ತಿರ ಬಂದರು.

"ಸೋರೋಯ್ತಲ್ಲ, ಇರ್ಲಿ ಬುಡಿ," ಎಂದು ಸೊಣ್ಣಮ್ಮ ಮತ್ತೆ ಚೊಂಬು ಅದ್ದಿದಳು.