ಅರ್ಧ ಗದ್ದೆ

ಭದ್ರಾವತಿಯ ಚಾನಲ್ ಕೆಳಗೆ ಗದ್ದೆ ಇಟ್ಟುಕೊಂಡು ಬೇಸಿಗೆ ಭತ್ತ ಬೆಳೆಯುವುದಿಲ್ಲ ಅಂದರೆ ಜನ ಹುಚ್ಚು ಅನ್ನದೆ ಇನ್ನೇನು ಅಂದಾರು? ಅನೀಸಾಳಿಗೂ ಅಂದರು. ಅನ್ನಲಿ ಬಿಡಿ! ವರ್ಷಕ್ಕೆ ಎರಡೆರಡು ಸಲ ಭತ್ತ ಹಾಕಿ ಹಾಕಿ ಆ ಮಣ್ಣಿನ ಸತ್ವವೇ ಹೋಗಿತ್ತು. ಯೂರಿಯಾ ಸುರಿದಷ್ಟು ದಿನ ಹಸಿರು, ನಿಲ್ಲಿಸಿದರೆ ಪೈರು ಸಪ್ಪೆ ಮುಖ ಮಾಡಿಕೊಂಡು ನಿಲ್ಲುತ್ತಿತ್ತು. ಅವಳ ಗಂಡ ದಸ್ತಗೀರ್ ಪೇಟೆಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವವನು. ಕೆಟ್ಟುಹೋದ ಪಾರ್ಟ್ ಬದಲಾಯಿಸಿ ರೂಢಿಯಾದ ಆಸಾಮಿ, ಗದ್ದೆಗೂ ಅದೇ ಮದ್ದು ಅಂದ. ಭತ್ತ ತೆಗೆದು ಅಡಿಕೆ ಹಾಕುವುದು. ನರ್ಸರಿಯಲ್ಲಿ ಸಸಿಗೂ ಹೇಳಿಟ್ಟಿದ್ದ.

ಅನೀಸಾ ಒಪ್ಪಲಿಲ್ಲ. ಅಪ್ಪ ಕೊಟ್ಟ ಗದ್ದೆ ಅದು. ಮನೆಯ ಅನ್ನವೆಲ್ಲ ಅದರದ್ದೇ.

"ಒಂದು ವರ್ಷ ನನಗೆ ಬಿಟ್ಟುಬಿಡಿ," ಅಂದಳು. "ಬೇಸಿಗೆಗೆ ಹೆಸರುಕಾಳು ಹಾಕ್ತೀನಿ. ಕಾಯಿ ಬಿಡಿಸ್ಕೊಂಡು ಗಿಡಾನ ಹಸಿಯಾಗೇ ಉತ್ತು ಮಣ್ಣಿಗೆ ಸೇರಿಸ್ತೀನಿ, ಅದೇ ಗೊಬ್ಬರ. ಮಳೆಗಾಲದ ಭತ್ತಕ್ಕೆ ಯೂರಿಯಾ ಮುಟ್ಟಿಸೋ ಹಾಗಿಲ್ಲ. ಆಗಲೂ ಪೈರು ಸೊರಗಿದ್ರೆ ಅಡಿಕೆ ಹಾಕಿ, ನಾನು ಕಮಕ್ ಕಿಮಕ್ ಅನ್ನಲ್ಲ."

"ಆಯ್ತು ಮಾರಾಯ್ತಿ," ಅಂದ ದಸ್ತಗೀರ್. ಒಂದು ವರ್ಷದ ಹಟ ತಾನೇ, ತಾನಾಗೇ ಇಳಿಯುತ್ತದೆ ಅಂತ ಅವನ ಲೆಕ್ಕ.

ಮೇಲಿನ ಗದ್ದೆ ಗಂಗಾಧರಪ್ಪನದು. ಅವನ ಭತ್ತದ ನೀರು ಬಸಿದು ಬಂದರೆ ಹೆಸರಿನ ಬೇರು ಕೊಳೆಯುವುದು ಖಂಡಿತ. ಅನೀಸಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬದುವಿನ ಉದ್ದಕ್ಕೂ ತಾನೇ ಬಸಿಗಾಲುವೆ ತೋಡಿದಳು.

"ಏನಮ್ಮ, ಚಾನಲ್ಲಿಗೇ ಪೈಪೋಟಿನಾ?" ಎಂದು ಗಂಗಾಧರಪ್ಪ ಕಿಚಾಯಿಸಿದ.

"ಹೂಂ. ಸುಮ್ನೆ ನಿಂತು ನೋಡೋ ಬದಲು ನೀವೂ ಒಂದು ಗುದ್ದಲಿ ತನ್ನಿ!"

ಅವನು ನಗುತ್ತಾ ಜಾಗ ಖಾಲಿ ಮಾಡಿದ. ಅಂಗೈ ಬೊಬ್ಬೆ ಎದ್ದಿತು, ಗದ್ದೆಯಲ್ಲಿ ಮಾತ್ರ ನೀರು ನಿಲ್ಲಲಿಲ್ಲ. ಹೆಸರು ಚೆನ್ನಾಗಿಯೇ ಕಾಯಿ ಕಟ್ಟಿತು.

ಕಾಯಿ ಬಿಡಿಸಿ ಒಣಗಿಸಿ, ಕಾಳನ್ನು ಲಗೇಜ್ ಆಟೋದಲ್ಲಿ ಹಾಕಿಕೊಂಡು ಅವಳು ಶಿವಮೊಗ್ಗದ ಮಂಡಿಗೆ ಹೋದಳು. ಮಧ್ಯಾಹ್ನ ಬಂದು ನೋಡುತ್ತಾಳೆ, ಅರ್ಧ ಗದ್ದೆ ಬೋಳು! ಬದುವಿನ ಮೇಲೆ ದಸ್ತಗೀರ್ ಭೇಷ್ ಅನ್ನಿಸಿಕೊಳ್ಳಲು ಕಾದವನಂತೆ ನಿಂತಿದ್ದಾನೆ. ಕಾಯಿ ಬಿಡಿಸಿದ ಮೇಲೆ ಗಿಡ ಕಿತ್ತು ದನಕ್ಕೆ ಹಾಕುವುದು ಆ ಕಡೆಯ ವಾಡಿಕೆ. ಹೆಂಡತಿಗೆ ಕೆಲಸ ಹಗುರಾಗಲಿ ಎಂದು ಆಳು ಕರೆಸಿ, ಬೇರುಸಮೇತ ಕೀಳಿಸಿ, ಗಂಗಾಧರಪ್ಪನ ಕೊಟ್ಟಿಗೆಗೆ ಸಾಗಿಸಿದ್ದ. ಅವಳು ಹೇಳಿದ್ದು ಪುಣ್ಯಾತ್ಮನ ತಲೆಯಲ್ಲೇ ಇರಲಿಲ್ಲ.

"ಮಣ್ಣಿನ ಊಟಾನ ಹಸುವಿಗೆ ಹಾಕಿದ್ರಲ್ರೀ! ಹೊಟ್ಟೆ ಉರೀತಿದೆ ನಂಗೆ!"

ಬದುವಿನ ಮೇಲೆ ಕೂತು ಅತ್ತಳು. ಆಳುಗಳು ಕೀಳುವುದನ್ನು ನಿಲ್ಲಿಸಿದರು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು ಎದ್ದಳು.

"ಟಿಲ್ಲರ್ ತನ್ನಿ. ಈಗಲೇ."

"ಅರ್ಧ ಹೋಯ್ತಲ್ಲ, ಇನ್ನು ಇದ್ರಿಂದ ಏನಾಗುತ್ತೆ?"

"ಉಳಿದ ಅರ್ಧ ಇದೆಯಲ್ಲ!"

ದಸ್ತಗೀರ್ ಉಳುವ ಟಿಲ್ಲರ್ ತಂದ. ಕತ್ತಲಾಗುವುದರೊಳಗೆ ಉಳಿದ ಗಿಡವೆಲ್ಲ ಮಣ್ಣಿನಡಿ ಸೇರಿತು.

ಮಳೆಗಾಲ ಬಂತು. ಗದ್ದೆಯ ತುಂಬ ಒಂದೇ ಸಸಿಮಡಿಯ ಭತ್ತದ ಅಗೆ ನೆಟ್ಟರು. ಅರ್ಧ ಗದ್ದೆ ಸೊರಗಿದರೂ ಗಂಡ ಇಡೀ ಗದ್ದೆಯೇ ಸೊರಗಿತೆಂದು ಅಡಿಕೆ ನೆಡುತ್ತಾನೆ ಎಂಬ ಹೆದರಿಕೆ ಅನೀಸಾಳಿಗೆ. ಆದರೂ ಯೂರಿಯಾ ತರಿಸಲಿಲ್ಲ.

ಒಂದು ಬೆಳಿಗ್ಗೆ ಹೋಗಿ ನೋಡಿದರೆ ದಸ್ತಗೀರ್ ಲುಂಗಿ ಎತ್ತಿಕಟ್ಟಿ, ಸೊಂಟದ ಮೇಲೆ ಬಾಂಡ್ಲಿ ಇಟ್ಟುಕೊಂಡು ಯೂರಿಯಾ ಎರಚುತ್ತಿದ್ದಾನೆ!

"ಏನ್ರೀ ಇದು? ಮಾತು ಕೊಟ್ಟಿದ್ರಲ್ಲ!"

ಕಳ್ಳ ಸಿಕ್ಕಿಬಿದ್ದ ಹಾಗಾಯಿತು. "ನಾನು ಕೆಡಿಸಿದ ಭಾಗ ಅಲ್ವಾ? ಬಿಳಿಚಿಕೊಂಡಿದೆ. ನೋಡೋಕಾಗ್ಲಿಲ್ಲ, ನಾನೇ ಸರಿ ಮಾಡೋಣ ಅಂತ."

"ಆ ಕಡೆಗೂ ಹಾಕಿದ್ರಾ?"

"ಅದಕ್ಯಾಕೆ? ಅದು ಬೇಕಾದಷ್ಟು ಹಸಿರಾಗಿದೆ," ಅಂದುಬಿಟ್ಟ. ಅಂದ ಮೇಲೆ ಕೈ ಬಾಂಡ್ಲಿಯಲ್ಲೇ ನಿಂತಿತು. ಗಿಡ ಉತ್ತು ಸೇರಿಸಿದ ಕಡೆ ಪೈರು ಕಡುಹಸಿರಾಗಿ, ಮೊಣಕಾಲು ಮೀರಿ ಎದ್ದಿತ್ತು. ಅದನ್ನು ನೋಡಿದ, ಹೆಂಡತಿಯನ್ನು ನೋಡಿದ.

ಅನೀಸಾಳಿಗೆ ಕುಣಿಯಬೇಕು ಅನ್ನಿಸಿತು. ಕುಣಿಯಲಿಲ್ಲ. ಬಾಂಡ್ಲಿ ಕಿತ್ತುಕೊಂಡು ಬದುವಿನ ಮೇಲಿಟ್ಟಳು.

"ಈಗ ನರ್ಸರಿಯೋನಿಗೆ ಏನಂತ ಹೇಳೋದು?" ಅಂದ ದಸ್ತಗೀರ್, ತಲೆ ಕೆರೆದುಕೊಳ್ಳುತ್ತಾ.

"ಗದ್ದೆ ಖಾಲಿ ಇಲ್ಲ ಅನ್ನಿ," ಅಂದಳು ಅನೀಸಾ.