ತಾರಸಿಯ ಮೇಲಿನ ಭರತ

"ನೋಡ್ರೀ, ಹೆಂಗ್ ಬಂದಿದೆ!" ಎಂದು ವಿಮಲಮ್ಮ ತಾರಸಿಯ ಬಾಗಿಲು ತಳ್ಳಿದರು.

ಕಣ್ಣಿನ ಪೊರೆ ತೆಗೆಸಿಕೊಂಡು ಎರಡು ತಿಂಗಳ ಮೇಲೆ ಯೋಗಾನಂದರು ಮೆಟ್ಟಿಲು ಹತ್ತಿದ್ದು ಇವತ್ತೇ. ಹೊಸ ಕಣ್ಣಿಗೆ ಅತ್ತಿಗುಪ್ಪೆಯ ಡಿಶ್ ಆಂಟೆನಾಗಳೂ ತೊಳೆದಿಟ್ಟಂತೆ ಕಂಡವು. ಮೂಲೆಯಲ್ಲಿ, ಉದ್ದಕ್ಕೆ ಕೊಯ್ದ ನೀಲಿ ಡ್ರಮ್ಮಿನಲ್ಲಿ, ಹಸಿರು ಉಕ್ಕಿ ಹೊರಗೆ ಚೆಲ್ಲುತ್ತಿತ್ತು.

ಅಲ್ಲಿ ಇದ್ದದ್ದು ಉಪ್ಪುಹುಲ್ಲು. ನದಿ ಸಮುದ್ರ ಸೇರುವ ಕುಮಟಾದ ಅಳಿವೆಯಿಂದ ಮಗಳು ಕೀರ್ತನಾ ಕೆಸರಿನ ಸಮೇತ ತಂದು ನೆಟ್ಟದ್ದು; ಎಂ.ಎಸ್ಸಿ. ಪ್ರಾಜೆಕ್ಟು. ಬೆಳಿಗ್ಗೆ ಸಂಜೆ ಕಲ್ಲುಪ್ಪು ಕರಗಿಸಿ, ಹಿಡಿ ಮಣ್ಣು ಕದಡಿದ ನೀರು ಹೊಯ್ಯಬೇಕು, ಅದು ಭರತ, ಸಮುದ್ರದ ಉಬ್ಬರ. ಆಮೇಲೆ ಕೆಳಗಿನ ಬಿರಟೆ ಕಿತ್ತು ಹರಿಯಬಿಡಬೇಕು, ಅದು ಇಳಿತ. ಪ್ರತಿ ಸಲವೂ ರೈಲ್ವೆ ಸ್ಟೇಷನ್ನಿನ ಮೂಗುದನಿ ತೆಗೆದು ಕೂಗುತ್ತಿದ್ದಳು: "ಪ್ರಯಾಣಿಕರ ಗಮನಕ್ಕೆ! ಕುಮಟಾದಿಂದ ಹೊರಟ ಭರತ ಅತ್ತಿಗುಪ್ಪೆಗೆ ಆಗಮಿಸುತ್ತಿದೆ!"

ಕೆಳಮನೆ ಬಾಡಿಗೆಯ ಗದಗಿನ ಹುಡುಗ ರುದ್ರೇಶ ಮೊದಲ ದಿನ ಓಡಿಬಂದಿದ್ದ. "ಭರತ ಯಾರ್ರೀ ಅಕ್ಕಾರ? ಹೊಸಾ ಬಾಡಿಗಿಯವ್ನೇನ್ರೀ?"

"ಸಮುದ್ರ ಕಣೋ! ಮೆಟ್ರೋ ಬಂದಾಯ್ತು, ಈಗ ಸಮುದ್ರಾನೂ ಬಂತು ನಮ್ಮ ಏರಿಯಾಗೆ."

ಹೋದ ಶ್ರಾವಣದಲ್ಲಿ ನಾಯಂಡಹಳ್ಳಿಯ ಹತ್ತಿರ ಲಾರಿಯೊಂದು ಅವಳ ಸ್ಕೂಟಿಗೆ ಗುದ್ದಿತು. ಅಂದಿನಿಂದ ಭರತ, ಇಳಿತ ಎರಡೂ ಅಪ್ಪನ ಪಾಲಿಗೆ ಬಂದವು. ನೀರು ಹೊಯ್ಯುತ್ತಿದ್ದರು, ದನಿ ಮಾತ್ರ ಏಳುತ್ತಿರಲಿಲ್ಲ. "ಹುಲ್ಲು ನೀರನ್ನ ತಡೆದು ನಿಲ್ಸತ್ತೆ ಅಪ್ಪಾ, ನೀರು ಹೊತ್ಕೊಂಡ್ ಬಂದ ಮಣ್ಣನ್ನ ಅಲ್ಲೇ ಇಳಿಸಿ ಹೋಗತ್ತೆ. ಇಷ್ಟಿಷ್ಟೇ ನೆಲ ಏಳತ್ತೆ," ಎಂದಿದ್ದಳು. ಬುಡದಲ್ಲಿ ನಿಜಕ್ಕೂ ಬೆರಳಗಲ ಮಣ್ಣು ಎದ್ದಿತ್ತು. ಆಸ್ಪತ್ರೆಗೆ ಹೊರಡುವಾಗ ಹೆಂಡತಿಗೆ ಹೇಳಿದ್ದು ಅದೊಂದೇ: ಹುಲ್ಲು ಹೋಗದ ಹಾಗೆ ನೋಡ್ಕೋ.

ಯೋಗಾನಂದರು ಡ್ರಮ್ಮಿನ ಮೇಲೆ ಬಗ್ಗಿದರು. ಹೊನಗೊನ್ನೆ ಸೊಪ್ಪು. ಅಂಚಿನಿಂದ ಅಂಚಿಗೆ ಬರೀ ಹೊನಗೊನ್ನೆ.

"ಉಪ್ಪುನೀರು…?"

"ನನ್ ಕೈಲಾಗ್ಲಿಲ್ಲ ರೀ. ಹಸಿರು ಗಿಡದ ಬಾಯಿಗೆ ಉಪ್ಪು ಸುರಿಯೋದಾ? ಕಾವೇರಿ ನೀರೇ ಹಾಕ್ದೆ. ಎಷ್ಟ್ ಬಾಯಾರಿತ್ತೋ ಪಾಪ, ಹೆಂಗ್ ಚಿಗುರಿದೆ ನೋಡಿ. ಸೊಪ್ಪೂ ತಾನಾಗೇ ಬಂದಿದೆ, ಕಣ್ಣಿಗೆ ಒಳ್ಳೇದು. ನಿಮಗೇಂತಲೇ ಕಳಿಸಿದಾಳೆ ಅನ್ಕೊಂಡೆ."

ಸೊಪ್ಪನ್ನು ಸರಿಸಿದರು. ಅಡಿಯಲ್ಲಿ ಉಪ್ಪುಹುಲ್ಲು ಕಂದಿ, ಕೊಳೆತು, ಕೈಗೇ ಕಿತ್ತುಬಂತು. ಉಪ್ಪು ಅದಕ್ಕೆ ಊಟ ಅಲ್ಲ ಅಪ್ಪಾ, ಬೇಲಿ. ಸಿಹಿನೀರು ಕೊಟ್ರೆ ಬೇರೆ ಗಿಡ ನುಗ್ಗಿ ಮುಚ್ಚಿಹಾಕ್ತವೆ, ಎಂದಿದ್ದಳು ಕೀರ್ತನಾ. ಅಮ್ಮನಿಗೆ ಇದನ್ನು ಅವಳೂ ಹೇಳಿರಲಿಲ್ಲ, ತಾವೂ ಹೇಳಿರಲಿಲ್ಲ.

ಬಾಯಿ ತೆರೆದರು.

"ಅವಳ ಥರಾನೇ ಕೂಗಿಯೇ ಹಾಕ್ದೆ," ವಿಮಲಮ್ಮ ಸೆರಗಿನ ಅಂಚು ಹಿಡಿದು ನಾಚಿ ನಕ್ಕರು. "ಎರಡ್ ಹೊತ್ತೂ. ನಂಗೆಲ್ಲಿ ಬರತ್ತೆ ಆ ದನಿ? ರುದ್ರೇಶ ಪಾಪ ಕೆಳಗಿಂದ 'ಬಂತ್ರೀ ಅಮ್ಮಾರ' ಅನ್ನೋನು. ಇವತ್ತು ನೀವು ಕೂಗ್ರೀ."

ನೀರು ತುಂಬಿದ ಮಗ್ಗನ್ನು ಕೈಗಿತ್ತರು. ಯೋಗಾನಂದರು ಅದನ್ನು ಡ್ರಮ್ಮಿನ ಮೇಲೆ ಹಿಡಿದರು. ಆಮೇಲೆ ಎರಡು ಬೆರಳಲ್ಲಿ ಮೂಗು ಒತ್ತಿಕೊಂಡರು.

"ಪ್ರಯಾಣಿಕರ ಗಮನಕ್ಕೆ…"

ಸಿಹಿನೀರು ಸೊಪ್ಪಿನ ನಡುವೆ ಇಳಿಯಿತು. ಕೊಳೆತ ಹುಲ್ಲಿನ ಎಸಳೊಂದು ತೇಲಿ ಮೇಲೆ ಬಂತು. ವಿಮಲಮ್ಮ ನೋಡುವ ಮೊದಲೇ ಅವರು ಅದನ್ನು ಬೆರಳಿನಿಂದ ಎಲೆಗಳ ಅಡಿಗೆ ಒತ್ತಿದರು.