ಗುಲಾಬಿಯ ಕಣ್ಣುಪಟ್ಟಿ

ನಾನು ಒಂದು ಕಣ್ಣುಪಟ್ಟಿ. ಜಟಕಾ ಕುದುರೆಯ ಕಣ್ಣಿನ ಆಚೀಚೆ ಕೂತು, ಅದಕ್ಕೆ ಮುಂದಿನ ದಾರಿ ಬಿಟ್ಟು ಬೇರೇನೂ ಕಾಣದಂತೆ ಮಾಡುವುದು ನನ್ನ ಕಸುಬು. ಹೆಮ್ಮೆಪಡುವಂಥ ಕೆಲಸವೇನಲ್ಲ. ಆದರೂ ಮೈಸೂರಿನ ಒಂದು ಗಲ್ಲಿಯಲ್ಲಿ ಮುನಿಸ್ವಾಮಿ ಎಂಬಾತ ಎಮ್ಮೆಯ ತೊಗಲು ಕತ್ತರಿಸಿ, ಎರಡೆಳೆ ದಾರದಲ್ಲಿ ಹೊಲಿದು, ಎಣ್ಣೆ ತಿಕ್ಕಿ ನನ್ನನ್ನು ಗೂಟಕ್ಕೆ ತೂಗುಹಾಕಿದ ದಿನ ನನಗೂ ಒಂದಿಷ್ಟು ಜಂಬ ಬಂದಿತ್ತು.

ಮೊದಲು ನನ್ನನ್ನು ಕೊಂಡವರು ಜಟಕಾ ಸ್ಟ್ಯಾಂಡಿನ ಮಕ್ಬೂಲ್ ಸಾಬರು. ಅವರ ಕುದುರೆಯ ಜೊತೆ ಐದು ವರ್ಷ ತಿರುಗಿದೆ. ಅದು ಸತ್ತಾಗ ಸಾಬರು ಹೊಸ ಕುದುರೆಗೆ ಹೊಸ ಪಟ್ಟಿ ಮಾಡಿಸಿ, ನನ್ನನ್ನು ಗೆಳೆಯ ಬೋರಲಿಂಗಯ್ಯನ ಕೈಗಿತ್ತರು. ಅಲ್ಲಿಂದ ಮುಂದಕ್ಕೆ ನನ್ನ ಬಾಳೆಲ್ಲ ಅವನ ಜಟಕಾ ಕುದುರೆ ಗುಲಾಬಿಯದೇ.

ಬೋರಲಿಂಗಯ್ಯನಿಗೆ ಕುದುರೆಯೆಂದರೆ ಪ್ರಾಣ. ಹಾಲುಹಲ್ಲು ಉದುರುವ ಮೊದಲೇ ಹಿಡಿದ ಹುಚ್ಚು. ಬೀದಿಯಲ್ಲಿ ಮದುವೆ ಮೆರವಣಿಗೆ ಬಂದರೆ ಊರೆಲ್ಲ ಮದುಮಗನನ್ನು ನೋಡುತ್ತಿತ್ತು, ಇವನು ಅವನ ಕುದುರೆಯ ಕಾಲು ನೋಡುತ್ತಿದ್ದ. "ಧಾರೆ ಆದ್ಮೇಕೂ ಈ ಮನ್ಸ ನನ್ ಮೊಕ ನೋಡ್ಲಿಲ್ಲ. ಚಪ್ಪರದಾಚೆ ಕಟ್ಟಿದ್ ಕುದ್ರೆ ನೋಡ್ಕಂಡ್ ನಿಂತಿದ್ದ" ಎಂದು ಹೆಂಡತಿ ಸಣ್ಣತಾಯಮ್ಮ ಇಂದಿಗೂ ಹೇಳುತ್ತಾಳೆ. ಅದು ತಮಾಷೆಯೋ ದೂರೋ ನನಗಂತೂ ತಿಳಿದಿಲ್ಲ.

ಗುಲಾಬಿ ಕಂದು ಬಣ್ಣದ ಹೆಣ್ಣುಕುದುರೆ. ನೆನೆಸಿದ ಹುರುಳಿಯ ಒಂದು ಕಾಳು ಗಟ್ಟಿಯಾಗಿದ್ದರೂ ಮೂತಿ ತಿರುಗಿಸುತ್ತಿದ್ದಳು. ಅವನು ಅವಳನ್ನು 'ಅವ್ವ' ಎಂದೇ ಕರೆಯುತ್ತಿದ್ದ. ಹನ್ನೊಂದು ವರ್ಷ ಅವರಿಬ್ಬರ ನಡುವೆ ಮುನಿಸು ಬಂದದ್ದನ್ನು ನಾನು ಕಾಣೆ.

ಆಮೇಲೆ ಅವಳ ಕಣ್ಣಲ್ಲಿ ನೀರು ಸುರಿಯತೊಡಗಿತು. ಅಷ್ಟು ಹತ್ತಿರ ಕೂತ ನನಗೇ ಅದು ಮೊದಲು ಗೊತ್ತಾದದ್ದು. ಕಪ್ಪಗೆ ಹೊಳೆಯುತ್ತಿದ್ದ ಕಣ್ಣಿಗೆ ಹಾಲಿನಂಥ ಪೊರೆ ಬಂತು. ಬೋರಲಿಂಗಯ್ಯ ನಂದಿಬಟ್ಟಲ ಹೂವಿನ ರಸ ಹಿಂಡಿದ, ಹರಕೆ ಹೊತ್ತ. ಯಾವುದೂ ನಾಟಲಿಲ್ಲ. ಒಂದು ವರ್ಷ ಕಳೆಯುವುದರಲ್ಲಿ ಎರಡು ಕಣ್ಣೂ ಹೋದವು.

ಆಗ ಅವನು ಮಾಡಿದ್ದೇನು? ನನ್ನನ್ನು ಇನ್ನಷ್ಟು ಬಿಗಿದು ಕಟ್ಟಿದ. ಅವಳು ಕುರುಡಿಯೆಂದು ತಿಳಿದರೆ ಗಾಡಿಗೆ ಕಟ್ಟಲು ಬಿಡುವುದಿಲ್ಲ, ಅವಳನ್ನು ಕಳಿಸಬೇಕಾಗುತ್ತದೆ ಎಂಬುದೇ ಅವನ ಹೆದರಿಕೆ. ದಾರಿಯುದ್ದಕ್ಕೂ ಮಾತಾಡುತ್ತ ಅವಳನ್ನು ನಡೆಸತೊಡಗಿದ. "ಎಡಕ್ ಬಾ ಕಣವ್ವ. ಗುಂಡಿ ಅದೆ, ಮೆಲ್ಲುಗೆ." ಅವಳ ಎರಡು ಕಿವಿಯೂ ಸದಾ ಹಿಂದಕ್ಕೆ, ಅವನ ಬಾಯಿಯ ಕಡೆಗೇ ತಿರುಗಿರುತ್ತಿದ್ದವು. ಸವಾರಿಗೆ ಬಂದವರು ಇವನೊಬ್ಬ ವಾಚಾಳಿ ಎಂದು ನಗುತ್ತಿದ್ದರು.

ಸ್ಟ್ಯಾಂಡಿನಲ್ಲಿ ಒಂದು ಪದ್ಧತಿಯಿದೆ. ಕುದುರೆಗೆ ಮೇವು ಹಾಕುವಾಗ ಕಣ್ಣುಪಟ್ಟಿ ಬಿಚ್ಚಬೇಕು, ತಿನ್ನುವ ಜೀವ ತಿನ್ನುವುದನ್ನು ನೋಡಿಕೊಂಡು ತಿನ್ನಲಿ ಎಂದು. ಬೋರಲಿಂಗಯ್ಯ ಬಿಚ್ಚುವುದನ್ನು ನಿಲ್ಲಿಸಿದ್ದ. ಮಕ್ಬೂಲ್ ಸಾಬರಿಗೆ ಗುಟ್ಟು ತಿಳಿಯಲು ಅಷ್ಟೇ ಸಾಕಾಯಿತು.

"ಬೋರಣ್ಣ, ನನ್ ಹತ್ರ ಯಾಕಪ್ಪ ಮುಚ್ಚುಮರೆ?" ಎಂದರು. "ಊರಾಚೆ ಮುದಿ ಕುದುರೆ ಸಾಕೋರಿದಾರೆ. ಹುಲ್ಲು, ನೀರು, ಡಾಕ್ಟ್ರು ಎಲ್ಲ ಉಂಟು. ದುಡಿಮೆ ಇಲ್ಲ. ಬಿಟ್ಟು ಬಾ."

"ಅವ್ಳ ಬುಟ್ಟು ನಾನೆಂಗಿರನ ಸಾಬ್ರೆ?"

"ನಾನು ಕುದುರೆ ಮಾತಾಡ್ತಿದೀನಿ, ನೀನು ನಿನ್ ಮಾತಾಡ್ತೀಯ" ಎಂದು ಸಾಬರು ಎದ್ದು ಹೋದರು.

ನನಗೆ ಬಾಯಿದ್ದಿದ್ದರೆ ಅಂದೇ ಕೂಗಿಕೊಳ್ಳುತ್ತಿದ್ದೆ. ಬಾಯಿಲ್ಲದವನು ಕಳ್ಳತನಕ್ಕೆ ಜೊತೆಯಾದೆ.

ಇನ್ನೂ ಒಂದು ವರ್ಷ ಹೀಗೇ ನಡೆಯಿತು. ಒಂದು ಬೆಳಿಗ್ಗೆ ಪರವೂರಿನ ಗಂಡಹೆಂಡತಿ ಗಾಡಿ ಹತ್ತಿದರು. "ಕುದುರೆ ಎಷ್ಟು ಚೆನ್ನಾಗಿದೆ" ಎಂದು ಆಕೆ ಅಂದದ್ದೇ ತಡ, ಬೋರಲಿಂಗಯ್ಯ ಉಬ್ಬಿಹೋದ. ಹಿಂದಕ್ಕೆ ತಿರುಗಿ ಕೂತು ಗುಲಾಬಿಯ ನಡಿಗೆ, ಗುಣ, ಜಾತಿ ಎಲ್ಲವನ್ನೂ ವರ್ಣಿಸತೊಡಗಿದ. ಅವಳನ್ನು ಹೊಗಳುವ ಭರದಲ್ಲಿ ಅವಳಿಗೆ ದಾರಿ ಹೇಳುವುದನ್ನೇ ಮರೆತ. ಮುಂದೆ ಕೊಳಾಯಿಗೆಂದು ರಸ್ತೆ ಅಗೆದಿದ್ದರು.

ಸವಾರಿಯವರು ತರಚುಗಾಯದಲ್ಲಿ ಪಾರಾದರು. ಗುಲಾಬಿಯ ಎರಡು ಮಂಡಿಯೂ ಒಡೆದು ಬಿಳಿ ಮೂಳೆ ಕಂಡಿತು. ಅಷ್ಟಾದರೂ ಅವಳು ಒದೆಯಲಿಲ್ಲ. ಕಿವಿ ಹಿಂದಕ್ಕೆ ತಿರುಗಿಸಿ, ಅವನು ಏನು ಹೇಳುತ್ತಾನೋ ಎಂದು ಕಾಯುತ್ತ ಬಿದ್ದಿದ್ದಳು.

ಎರಡು ತಿಂಗಳಿಗೆ ಗಾಯ ಮಾಗಿತು. ಊರಾಚೆಯ ಆ ಜಾಗಕ್ಕೆ ಕಳಿಸಲು ಸಾಬರೇ ಲಾರಿ ತರಿಸಿದರು. ಗುಲಾಬಿ ಹಲಗೆಯ ಮೇಲೆ ಒಂದು ಗೊರಸಿಟ್ಟು ಹಿಂದೆ ಸರಿದಳು. ನಾಲ್ಕು ಜನ ನೂಕಿದರೂ ಹತ್ತಲಿಲ್ಲ, ಗಡಗಡ ನಡುಗಿದಳು. ಬೋರಲಿಂಗಯ್ಯ ಗೋಡೆಗೆ ಮುಖ ಮಾಡಿ ನಿಂತಿದ್ದ.

"ನೀನೇ ಕರಿ" ಎಂದಳು ಸಣ್ಣತಾಯಮ್ಮ. "ನಿನ್ ದನಿ ಬುಟ್ರೆ ಅವ್ಳು ಯಾರ್ ದನಿಗೂ ಬರಾಕಿಲ್ಲ."

ಅವನು ಲಾರಿ ಹತ್ತಿ ಒಳಗೆ ನಿಂತ. "ಬಾ ಕಣವ್ವ. ಏನೂ ಇಲ್ಲ. ನಾನಿವ್ನಿ."

ಅವಳು ಒಂದೇ ಉಸಿರಿಗೆ ಹತ್ತಿಬಿಟ್ಟಳು. ಅವನು ಅವಳ ಹಣೆಗೆ ಹಣೆ ಒತ್ತಿ, ನನ್ನನ್ನು ಬಿಚ್ಚಿಕೊಂಡು, ಸದ್ದಾಗದ ಹಾಗೆ ಪಕ್ಕದಿಂದ ಇಳಿದ. ಅವನು ಅವಳಿಗೆ ಹೇಳಿದ ಸುಳ್ಳು ಅದೊಂದೇ ಇರಬೇಕು. ಲಾರಿ ಹೊರಟುಹೋಯಿತು.

ಈಗ ನಾನು ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತೇನೆ. ತೊಗಲು ಬಿರಿದಿದೆ, ಹೊಲಿಗೆ ಬಿಟ್ಟಿದೆ. ಪ್ರೀತಿಯೂ ಕೆಲವೊಮ್ಮೆ ನನ್ನದೇ ಕಸುಬು ಮಾಡುತ್ತದೆಂದು ಯೋಚಿಸಲು ಬೇಕಾದಷ್ಟು ಹೊತ್ತಿದೆ. ತಿಂಗಳಿಗೊಮ್ಮೆ ಮಾತ್ರ ಅವನು ನನ್ನನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತುತ್ತಾನೆ. ನನಗೆ ಅವಳ ವಾಸನೆ ಇನ್ನೂ ಅಂಟಿದೆ, ಅದಕ್ಕೇ ಇರಬೇಕು.

ಕಳೆದ ಸಲ ಬೇಲಿಯಾಚೆ ಅವಳು ಹುಲ್ಲು ಮೇಯುತ್ತಿದ್ದಳು. ಮೈ ತುಂಬಿಕೊಂಡಿದ್ದಳು. ಅಲ್ಲಿನ ಆಳು ಹತ್ತಿರ ಬಂದು, "ಯಜಮಾನ್ರೆ, ಯಾವಾಗ್ಲೂ ಸುಮ್ನೆ ನಿಂತಿದ್ದು ಹೋಯ್ತೀರಲ್ಲ, ಒಂದ್ಸಲ ಕರೀರಿ" ಎಂದ.

ಬೋರಲಿಂಗಯ್ಯ ಅವನ ತೋಳು ಹಿಡಿದು ದೂರಕ್ಕೆ ಕರೆದೊಯ್ದು, ಪಿಸುದನಿಯಲ್ಲಿ ಹೇಳಿದ: "ಕರುದ್ರೆ ಬತ್ತಾಳೆ ಕಣಪ್ಪ. ಬಂದ್ಮೇಕೆ ಇನ್ನೊಂದ್ಸಲ ಬುಟ್ಟೋಗ್ಬೇಕಲ್ಲ."

ಮತ್ತೆ ಬೇಲಿಯ ಬಳಿಗೆ ಬಂದ. ಬಸ್ಸಿನ ಹೊತ್ತಾಗುವವರೆಗೂ ತುಟಿ ಬಿಚ್ಚದೆ ನಿಂತಿದ್ದ.